ಅಜ್ಜಿಯ ಬಾಯಲ್ಲಿ ಮೇಷ್ಟರ ಮಾತು

ಕಾಲೇಜುಗಳ ಕಥಾಸ್ಪರ್ಧೆಗೆ ಬರುವ ಕಥೆಗಳಲ್ಲಿ ಒಬ್ಬ ಅಜ್ಜಿ ಸಾಮಾನ್ಯವಾಗಿ ಇದ್ದೇ ಇರುತ್ತಾಳೆ. ಹಳ್ಳಿಯವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಜಗಲಿಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿರುತ್ತಾಳೆ. ಅಲ್ಲಿಯವರೆಗೆ ಕಥೆ ಸರಿಯಾಗಿಯೇ ನಡೆಯುತ್ತದೆ. ಪಟ್ಟಣದಿಂದ ಬಂದ ಮೊಮ್ಮಗ ಪಕ್ಕದಲ್ಲಿ ಕೂತ ಕೂಡಲೇ ಅಜ್ಜಿ ಬಾಯಿ ತೆರೆಯುತ್ತಾಳೆ: ‘ಮಗೂ, ಜೀವನದ ಸಾರ್ಥಕತೆ ಅಡಗಿರುವುದು ನಿಸ್ವಾರ್ಥ ಸೇವೆಯಲ್ಲಿ. ಇಂದಿನ ಯುವ ಪೀಳಿಗೆ ಇದನ್ನು ಮರೆಯುತ್ತಿರುವುದು ವಿಷಾದನೀಯ.’ ಅಲ್ಲಿಗೆ ಅಜ್ಜಿ ಸತ್ತಳು. ಜಗಲಿ ಉಳಿಯಿತು, ಎಲೆಯಡಿಕೆಯ ಕುಟ್ಟಾಣಿ ಉಳಿಯಿತು. ಮಾತಾಡಿದ್ದು ಮಾತ್ರ ಹತ್ತನೆಯ ತರಗತಿಯ ಪ್ರಬಂಧ ಪುಸ್ತಕ.

ಇದನ್ನು ಬರೆದ ಹುಡುಗನಿಗೆ ಅಜ್ಜಿಯೇ ಗೊತ್ತಿಲ್ಲವೆಂದು ತಿಳಿಯಬೇಕಾಗಿಲ್ಲ. ಅವನ ಮನೆಯಲ್ಲೇ ಒಬ್ಬಳು ಇದ್ದಾಳು. ಅವಳು ಬೈಯುವ ರೀತಿ, ಮಾತಿನ ನಡುವೆ ನಿಲ್ಲಿಸಿ ಎಲೆಗೆ ಸುಣ್ಣ ಸವರುವ ರೀತಿ, ಯಾರದೋ ಮದುವೆಯ ಸುದ್ದಿ ಹೇಳಲು ಹೊರಟು ಅವರ ಹೊಲದ ತಂಟೆಯಲ್ಲಿ ಮುಗಿಸುವ ರೀತಿ, ಎಲ್ಲವನ್ನೂ ಅವನು ಗೆಳೆಯರ ಮುಂದೆ ಅಣಕಿಸಿ ತೋರಿಸಬಲ್ಲ. ಪೆನ್ನು ಕೈಗೆ ಬಂದಾಗ ಮಾತ್ರ ಆ ಮಾತು ಅವನಿಗೆ ಕನ್ನಡ ಎನ್ನಿಸುವುದಿಲ್ಲ. ಹತ್ತು ವರ್ಷಗಳ ಕೆಂಪು ಶಾಯಿ ಮಾಡಿದ ಕೆಲಸ ಅದು. ಮನೆಯ ಮಾತು ತಪ್ಪು, ಪುಸ್ತಕದ ಮಾತು ಸರಿ ಎಂಬ ಪಾಠ ಯಾವ ಪಠ್ಯದಲ್ಲೂ ಅಚ್ಚಾಗಿಲ್ಲ. ಆದರೆ ಅದಕ್ಕಿಂತ ಚೆನ್ನಾಗಿ ಕಲಿಸಿದ ಪಾಠ ಇನ್ನೊಂದಿಲ್ಲ.

ಈ ‘ತಪ್ಪು’ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಹಾಲು’ ಎನ್ನುವುದು ‘ಆಲು’ ಆಗುತ್ತದೆ, ‘ಹೋಗು’ ಎನ್ನುವುದು ‘ಓಗು’ ಆಗುತ್ತದೆ. ತರಗತಿಯಲ್ಲಿ ಹಾಗೆ ಓದಿದ ಹುಡುಗನಿಗೆ ಉಳಿದವರು ನಗುತ್ತಾರೆ. ಅದೇ ತರಗತಿಯಲ್ಲಿ ಅದೇ ಮೇಷ್ಟರು ಹಳಗನ್ನಡ ಪಾಠ ಮಾಡುವಾಗ ‘ಪಾಲ್’ ಎಂದರೆ ಹಾಲು, ‘ಪೋಗು’ ಎಂದರೆ ಹೋಗು, ಹಳೆಯ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ. ಅದಕ್ಕೆ ಪರೀಕ್ಷೆಯಲ್ಲಿ ಅಂಕವೂ ಉಂಟು. ಪಕಾರ ಹಕಾರವಾದದ್ದು ಒಂದು ಹೆಜ್ಜೆ. ಹಳ್ಳಿಯ ನಾಲಗೆ ಆ ಹಕಾರವನ್ನೂ ಬಿಟ್ಟದ್ದು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಮೊದಲನೆಯದಕ್ಕೆ ವ್ಯಾಕರಣವೆಂದು ಹೆಸರು. ಎರಡನೆಯದಕ್ಕೆ ಕಿವಿ ಹಿಂಡಿಸಿಕೊಳ್ಳುವ ಭಾಗ್ಯ.

ಹಾಗೆಂದು ಉತ್ತರಪತ್ರಿಕೆಯಲ್ಲಿ ‘ಆಲು’ ಎಂದು ಬರೆಯಬೇಕೆಂದಲ್ಲ. ಬೀದರಿನವರೂ ಚಾಮರಾಜನಗರದವರೂ ಕಾರವಾರದವರೂ ಒಂದೇ ಪತ್ರಿಕೆಯನ್ನು ಓದಿ ತಿಳಿಯಬೇಕಾದರೆ ಎಲ್ಲರಿಗೂ ಹೊಂದುವ ಒಂದು ಬರಹದ ಕನ್ನಡ ಬೇಕೇ ಬೇಕು. ಅದನ್ನು ಕಲಿಸುವ ಮೇಷ್ಟರು ತಮ್ಮ ಕೆಲಸವನ್ನೇ ಮಾಡುತ್ತಿದ್ದಾರೆ. ತೊಡಕು ಬರುವುದು, ಪತ್ರಿಕೆಗೆ ಬೇಕಾದ ಆ ಕನ್ನಡವನ್ನು ಕಥೆಯೊಳಗಿನ ಅಜ್ಜಿಗೂ, ಕಂಡಕ್ಟರಿಗೂ, ಐದು ವರ್ಷದ ಮಗುವಿಗೂ ಸಮವಸ್ತ್ರದಂತೆ ತೊಡಿಸಿದಾಗ.

ಕನ್ನಡದಲ್ಲಿ ಈ ಸಮವಸ್ತ್ರವನ್ನು ಮೊದಲು ಹರಿದು ಹಾಕಿದವರಲ್ಲಿ ಟಿ.ಪಿ. ಕೈಲಾಸಂ (1884–1946) ಪ್ರಮುಖರು. ಕಂಪನಿ ನಾಟಕಗಳಲ್ಲಿ ರಾಜರೂ ದೇವತೆಗಳೂ ಗ್ರಾಂಥಿಕ ಭಾಷೆಯಲ್ಲಿ ಗರ್ಜಿಸುತ್ತಿದ್ದ ಕಾಲದಲ್ಲಿ ಅವರು ಬೆಂಗಳೂರು, ಮೈಸೂರಿನ ಮಧ್ಯಮ ವರ್ಗದ ಮನೆಯ ಹಜಾರವನ್ನೇ ರಂಗದ ಮೇಲೆ ತಂದರು. 1918ರ ‘ಟೊಳ್ಳುಗಟ್ಟಿ’ ವಿದ್ಯಾರ್ಥಿಗಳೂ ಪೋಷಕರೂ ಒಟ್ಟಿಗೆ ಓದಬೇಕಾದ ನಾಟಕ. ಪುಸ್ತಕವನ್ನು ಉರು ಹೊಡೆದು ಪರೀಕ್ಷೆ ಗೆಲ್ಲುವ ಮಗನೊಬ್ಬ, ಪರೀಕ್ಷೆಯಲ್ಲಿ ಹಿಂದೆ ಬಿದ್ದರೂ ಮನೆಯವರಿಗೆ ಆಸರೆಯಾಗುವ ಮಗನೊಬ್ಬ. ಇವರಲ್ಲಿ ಟೊಳ್ಳು ಯಾವುದು, ಗಟ್ಟಿ ಯಾವುದು ಎಂಬುದೇ ವಸ್ತು. ಅಲ್ಲಿ ಯಾರೂ ಭಾಷಣ ಮಾಡುವ ಅಗತ್ಯವಿಲ್ಲ. ಅವರವರ ಮಾತೇ ಅವರನ್ನು ತೋರಿಸಿಕೊಡುತ್ತದೆ. ಕೈಲಾಸಂ ಪಾತ್ರಗಳು ಇಂಗ್ಲಿಷ್ ಬೆರೆಸುತ್ತವೆ ನಿಜ. ಆದರೆ ವಕೀಲ ಬೆರೆಸುವ ಇಂಗ್ಲಿಷ್ ಬೇರೆ, ಗುಮಾಸ್ತ ಬೆರೆಸುವ ಇಂಗ್ಲಿಷ್ ಬೇರೆ. ಕನ್ನಡವನ್ನು ಕೆಡಿಸಿದರೆಂದು ಆಗ ಆಕ್ಷೇಪಿಸಿದವರೂ ಇದ್ದರು. ಕೆಟ್ಟದ್ದು ಕನ್ನಡವೋ, ಆ ಕನ್ನಡ ಆಡುತ್ತಿದ್ದವರ ಠೀವಿಯೋ ಎಂಬುದು ಬೇರೆ ಮಾತು.

ಕೈಲಾಸಂ ಅವರ ಮನೆಮಾತು ತಮಿಳು. ಓದಿದ್ದು ಲಂಡನ್ನಿನಲ್ಲಿ, ಅದೂ ಭೂವಿಜ್ಞಾನ. ನಾಟಕಗಳನ್ನು ಅವರು ಕೂತು ಬರೆದದ್ದಕ್ಕಿಂತ ಬಾಯಿಂದ ಹೇಳಿ ಬರೆಸಿದ್ದೇ ಹೆಚ್ಚು. ಕಿವಿಯಿಂದ ಒಳಗೆ ಹೋದದ್ದು ಬಾಯಿಂದಲೇ ಹೊರಗೆ ಬಂತು. ನಡುವೆ ಕೈ ಬಂದು ಅದನ್ನು ‘ಶುದ್ಧ’ ಮಾಡಲು ಅವಕಾಶವಾಗಲಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತೂ ತಮಿಳೇ. ಅವರ ಸಣ್ಣಕಥೆಗಳಲ್ಲಿ ಯಾರೋ ಒಬ್ಬರು ಎದುರಿಗೆ ಕೂತು ನಿಧಾನವಾಗಿ ಹೇಳುತ್ತಿರುವ ಧಾಟಿ ಇರುತ್ತದೆಯಲ್ಲ, ಅದು ಕೇಳಿ ಕಲಿತ ಭಾಷೆಯ ಧಾಟಿ.

ಪಾತ್ರ ನಿಜವೆನಿಸಲು ಆಡುಮಾತು ಹಾಕಿದರೆ ಸಾಕೇ? ಸಾಲದು. ಆಡುಮಾತಿನಲ್ಲೇ ಸುಳ್ಳು ಹೇಳುವ ಕಥೆಗಳೂ ಬೇಕಾದಷ್ಟಿವೆ. ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಪಿಯುಸಿಯಲ್ಲಿ ನಪಾಸಾದ ಮಗ ಸಂಜೆ ಮನೆಗೆ ಬರುತ್ತಾನೆ. ಫಲಿತಾಂಶ ಊರಿಗೆಲ್ಲ ತಿಳಿದಿದೆ. ಪುಸ್ತಕದ ಅಪ್ಪ ಹೇಳುತ್ತಾನೆ: ‘ಮಗನೇ, ನೀನು ಅನುತ್ತೀರ್ಣನಾಗಿರುವುದು ನನಗೆ ತೀವ್ರ ನೋವುಂಟುಮಾಡಿದೆ.’ ಇದನ್ನೇ ಹಳ್ಳಿಯ ಮಾತಿಗೆ ತಿರುಗಿಸಿ ‘ನೀ ಫೇಲಾಗಿದ್ದು ನಂಗೆ ಬಾಳ ನೋವಾಗದೆ ಕಣ್ಲಾ ಮಗ’ ಎಂದು ಬರೆದರೆ ಬಟ್ಟೆ ಬದಲಾಯಿತೇ ಹೊರತು ಒಳಗಿನ ಗೊಂಬೆ ಬದಲಾಗಲಿಲ್ಲ. ಮಂಡ್ಯದ ಕಡೆಯ ಒಬ್ಬ ನಿಜವಾದ ಅಪ್ಪ ಮಗನ ಮುಖವನ್ನೇ ನೋಡದೆ ‘ಎಮ್ಮೆಗೆ ನೀರ್ ಕುಡಿಸ್ದ್ಯಾ?’ ಎಂದು ಕೇಳಿಯಾನು. ದಿನಾ ಕೇಳುವ ಪ್ರಶ್ನೆಯೇ. ಅವತ್ತು ಮಾತ್ರ ಆ ಎಮ್ಮೆಯ ನೀರಿನೊಳಗೆ ಕಟ್ಟಿದ ಫೀಜು, ಮಾರಿದ ಮರಿ, ನೆಂಟರ ಮುಂದೆ ಆಡಿದ ಮಾತು ಎಲ್ಲ ಇರುತ್ತದೆ. ಅಮ್ಮ ಒಳಗಿನಿಂದ ‘ಮುದ್ದೆ ಆರೋಯ್ತದೆ, ಏಳು’ ಎನ್ನುತ್ತಾಳೆ. ಫಲಿತಾಂಶದ ಮಾತು ಯಾರೂ ಎತ್ತುವುದಿಲ್ಲ. ಓದುವವನಿಗೆ ಮಾತ್ರ ಗಂಟಲು ಕಟ್ಟುತ್ತದೆ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಈ ಗುಟ್ಟನ್ನು ಬಲ್ಲ ಕಾದಂಬರಿ. ಸ್ವಂತಕ್ಕೆ ಬೇಸಾಯ ಮಾಡಬೇಕೆಂಬ ಚೋಮನ ಆಸೆಯನ್ನು ವಿವರಿಸುವ ದೊಡ್ಡ ಮಾತು ಅವನ ಬಳಿ ಇಲ್ಲ. ಸಿಟ್ಟು ಬಂದಾಗ, ದುಃಖ ಬಂದಾಗ ಅವನು ದುಡಿಯನ್ನು ಎಳೆದುಕೊಂಡು ಬಾರಿಸುತ್ತಾನೆ. ಲೇಖಕರಿಗೆ ಮಾತಿಗೆ ಬರವಿರಲಿಲ್ಲ; ಆದರೂ ತಮ್ಮ ಮಾತನ್ನು ಚೋಮನಿಗೆ ಸಾಲ ಕೊಡಲಿಲ್ಲ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಕಳೆದುಹೋದ ಹುಂಜವೊಂದನ್ನು ಹುಡುಕಿಕೊಂಡು ತಿರುಗುತ್ತಾಳೆ. ಬಡತನ, ಜಾತಿ, ಶೋಷಣೆ ಎಂಬ ಪದಗಳು ಅವಳ ಬಾಯಿಂದ ಬರುವಂಥವಲ್ಲ. ಅವಳ ಬಾಯಲ್ಲಿರುವುದು ಹುಂಜ. ಆ ಹುಂಜದ ಬೆನ್ನು ಹತ್ತಿ ಓದುಗ ಅವಳ ಗುಡಿಸಲೊಳಗೆ ಹೋದರೆ ಉಳಿದದ್ದೆಲ್ಲ ಅಲ್ಲೇ ಕಾಣುತ್ತದೆ.

ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಂಜನಗೂಡು ಸೀಮೆಯ ಮಾತಿನಲ್ಲಿ, ಅದೂ ನಿರೂಪಣೆಯನ್ನೂ ಸೇರಿಸಿ, ಬರೆದ ಪುಸ್ತಕ ಅದು. ಬೇರೆ ಜಿಲ್ಲೆಗಳ ವಿದ್ಯಾರ್ಥಿಗಳು ಮೊದಲ ಪುಟದಲ್ಲೇ ಮುಗ್ಗರಿಸುವುದುಂಟು. ಅದಕ್ಕೆ ಒಂದು ಮದ್ದಿದೆ: ಗಟ್ಟಿಯಾಗಿ ಓದುವುದು. ಕಣ್ಣಿಗೆ ಕಗ್ಗಂಟಾದ ವಾಕ್ಯ ಕಿವಿಗೆ ಬಿದ್ದಾಗ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಅದು ಹುಟ್ಟಿದ್ದೇ ಕಿವಿಗಾಗಿ.

ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಕುವೆಂಪು ಅವರು ಮೊದಲು ಬರೆದದ್ದು ಇಂಗ್ಲಿಷ್ ಕವಿತೆಗಳನ್ನು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಸಂಕಲನವೂ ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವುಗಳನ್ನು ನೋಡಿ, ನಿನ್ನ ಭಾಷೆಯಲ್ಲಿ ಬರೆ ಎಂದು ತಿಳಿಹೇಳಿದ ಸಂಗತಿ ಪ್ರಸಿದ್ಧ. ಇದನ್ನು ಮಾತೃಭಾಷಾಭಿಮಾನದ ಕಥೆಯಾಗಿ ವೇದಿಕೆಗಳ ಮೇಲೆ ಹೇಳುವುದು ರೂಢಿ. ಕಥೆ ಬರೆಯುವವನಿಗೆ ಅದರಲ್ಲಿ ಇನ್ನೊಂದು ಅರ್ಥ ಸಿಗುತ್ತದೆ. ಇಂಗ್ಲಿಷ್ ಆ ಹುಡುಗನಿಗೆ ಪುಸ್ತಕದಿಂದ ಮಾತ್ರ ಬಂದಿತ್ತು. ಆ ಭಾಷೆಯಲ್ಲಿ ಯಾರೂ ಅವನನ್ನು ಬೈದಿರಲಿಲ್ಲ, ಊಟಕ್ಕೆ ಕರೆದಿರಲಿಲ್ಲ. ನಲವತ್ತಮೂರು ವರ್ಷ ಕಳೆದು 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಬಂದಾಗ ಸಿಂಬಾವಿಯ ಜೀತದಾಳು ನಾಯಿಗುತ್ತಿ ತನ್ನ ನಾಯಿ ಹುಲಿಯನೊಡನೆ ಆಡುವ ಮಾತನ್ನು ಯಾವ ಪುಸ್ತಕದಿಂದಲೂ ತರುವಂತಿರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ‘ಶ್ರೀರಾಮಾಯಣ ದರ್ಶನಂ’ ಬರೆದ ಕೈಯೇ ಈ ಗುತ್ತಿಯನ್ನೂ ಬರೆದದ್ದು. ಆ ಮಹಾಕಾವ್ಯದ ಸಂಸ್ಕೃತ ಸಮಾಸಗಳನ್ನು ಬಿಡಿಸಲು ನಿಘಂಟು ಬೇಕಾಗುತ್ತದೆ. ಅಂಥ ಭಾಷೆಯ ಒಡೆಯನಾದವನು ಗುತ್ತಿಯ ಬಾಯಲ್ಲಿ ಒಂದೇ ಒಂದು ಸಮಾಸವನ್ನು ತುರುಕಿದ್ದರೂ ಆ ಕತ್ತಲೆಯ ಕಾಡುದಾರಿ ನಾಟಕದ ಪರದೆಯಾಗಿಬಿಡುತ್ತಿತ್ತು. ಆದ್ದರಿಂದ ಮನೆಮಾತನ್ನು ಉಳಿಸಿಕೊಳ್ಳಲು ಗ್ರಾಂಥಿಕ ಭಾಷೆಯನ್ನು ಕಲಿಯಬಾರದು ಎಂಬ ವಾದ ಸೋಮಾರಿಗಳದು. ಎರಡನ್ನೂ ಬಲ್ಲವನಿಗೇ ಯಾವುದನ್ನು ಎಲ್ಲಿ ಇಡಬೇಕೆಂಬ ಆಯ್ಕೆ ಇರುತ್ತದೆ.

ಕನ್ನಡದಲ್ಲಿ ಪಾತ್ರವನ್ನು ಕಟ್ಟುವವರ ಕೈಯಲ್ಲಿ ಇನ್ನೊಂದು ಸಲಕರಣೆ ಇದೆ. ಇಂಗ್ಲಿಷಿನವರಿಗೆ ಅದಿಲ್ಲ. ಅದು ನೀನು ಮತ್ತು ನೀವು. ಎಷ್ಟೋ ಮನೆಗಳಲ್ಲಿ ಮಕ್ಕಳು ಅಮ್ಮನಿಗೆ ‘ನೀನು’ ಎನ್ನುತ್ತಾರೆ, ಅಪ್ಪನಿಗೆ ‘ನೀವು’ ಎನ್ನುತ್ತಾರೆ. ಆ ಒಂದಕ್ಷರದಲ್ಲಿ ಮನೆಯ ಅರ್ಧ ಚರಿತ್ರೆ ಇದೆ. ಇಪ್ಪತ್ತು ವರ್ಷದ ಗೌಡರ ಮಗ ಅರವತ್ತು ವರ್ಷದ ಆಳನ್ನು ‘ಬಾರೋ’ ಎಂದು ಕರೆದರೆ, ಜಾತಿಪದ್ಧತಿಯ ಬಗ್ಗೆ ಲೇಖಕ ಬೇರೆ ಪ್ಯಾರಾ ಬರೆಯಬೇಕಾಗಿಲ್ಲ. ಆ ಆಳಿನ ಮಗಳು ಓದಿ ಉಪನ್ಯಾಸಕಿಯಾಗಿ ಊರಿಗೆ ಬಂದಾಗ ಗೌಡರ ಮಗ ಅವಳನ್ನು ‘ಬಾ’ ಎನ್ನುವನೋ ‘ಬನ್ನಿ’ ಎನ್ನುವನೋ? ತಡವರಿಸಿ, ಎರಡನ್ನೂ ಬಿಟ್ಟು, ‘ಯಾವಾಗ ಬಂದದ್ದು?’ ಎಂದು ತಪ್ಪಿಸಿಕೊಳ್ಳುವನೋ? ಕಥೆ ಆ ತಡವರಿಕೆಯಲ್ಲೇ ಇದೆ.

ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನದ ಮೊದಲ ಕಥೆಯ ನಿರೂಪಕಿಗೂ ಹೀಗೇ ಒಂದು ಪೇಚು. ಗಂಡನನ್ನು ಓದುಗರ ಮುಂದೆ ಏನೆಂದು ಕರೆಯುವುದು? ಯಜಮಾನರು ಎಂದರೆ ತಾನು ಆಳಾದಂತಾಯಿತು. ಇನ್ನೊಂದು ಪದಕ್ಕೆ ಇನ್ನೊಂದು ಕೊರತೆ. ಕಥೆ ಇನ್ನೂ ಶುರುವಾಗಿಲ್ಲ. ಆದರೆ ಆಕೆ ಓದಿದವಳು, ಚುರುಕು ನಾಲಗೆಯವಳು, ಸುಮ್ಮನೆ ತಲೆಯಾಡಿಸುವವಳಲ್ಲ ಎಂಬುದೆಲ್ಲ ಓದುಗನಿಗೆ ತಿಳಿದುಬಿಟ್ಟಿರುತ್ತದೆ.

1948ರಲ್ಲಿ ಹಾಸನದಲ್ಲಿ ಹುಟ್ಟಿದ ಬಾನು ಅವರ ಮನೆಮಾತು ದಖ್ಖನಿ ಉರ್ದು. ಎಂಟನೆಯ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಒಂದು ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಲಾಯಿತು. ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕೆಂಬುದು ಷರತ್ತು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಮುಂದೆ ಪತ್ರಕರ್ತೆಯಾಗಿ, ವಕೀಲೆಯಾಗಿ ದುಡಿದರು. ಎರಡೂ ಬೇರೆಯವರ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವ ಕಸುಬುಗಳೇ. 2025ರ ಮೇ ತಿಂಗಳಲ್ಲಿ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಕನ್ನಡಕ್ಕೆ ಅದು ಮೊದಲನೆಯದು. ಸಣ್ಣಕಥೆಗಳ ಸಂಕಲನವೊಂದಕ್ಕೂ ಮೊದಲನೆಯದು.

ಅವರ ಮುಂದಿದ್ದ ತೊಡಕು ಕೈಲಾಸಂ ಅವರದಕ್ಕಿಂತ ಕಠಿಣ. ಕೈಲಾಸಂ ಅವರ ಪಾತ್ರಗಳಾದರೂ ಕನ್ನಡ ಆಡುವವು. ಬಾನು ಅವರ ಕಥೆಗಳ ತಾಯಂದಿರು, ಅತ್ತೆಯರು, ಮುತವಲ್ಲಿಗಳು ಮನೆಯೊಳಗೆ ಆಡುವುದು ದಖ್ಖನಿ. ಅದನ್ನು ಕನ್ನಡದಲ್ಲಿ ಬರೆಯಬೇಕು, ಆದರೆ ಅವರು ಕನ್ನಡದ ಮನೆಗಳವರಂತೆ ಕೇಳಿಸಬಾರದು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರೂ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳನ್ನು ಬರೆಯುವಾಗ ಇದೇ ನೀರನ್ನು ದಾಟಬೇಕಾಗಿತ್ತು. ಕರೆಯುವ ಪದ, ಆಣೆ ಇಡುವ ಪದ, ಪ್ರಾರ್ಥನೆಯ ಪದಗಳನ್ನು ಅವರವರ ಬಾಯಲ್ಲೇ ಬಿಟ್ಟು, ಉಳಿದದ್ದನ್ನು ಊರಿನ ಕನ್ನಡಕ್ಕೆ ಒಪ್ಪಿಸಿದರೆ ಪಾತ್ರ ಉಸಿರಾಡುತ್ತದೆ. ಎಲ್ಲವನ್ನೂ ತಿರುಗಿಸಿದರೆ ಸಾಯುತ್ತದೆ. ಬರೀ ‘ಅಲ್ಲಾ, ಅಲ್ಲಾ’ ಎನ್ನಿಸಿ ಬಿಟ್ಟರೆ ಸಿನಿಮಾದ ಸಾಬಿಯಾಗುತ್ತದೆ. ಕನ್ನಡ ಸಿನಿಮಾಗಳು ಮಾಡಿದ ಅಪಕಾರಗಳಲ್ಲಿ ಇದೂ ಒಂದು: ಧಾರವಾಡದವರು, ಮಂಗಳೂರಿನವರು, ಮುಸ್ಲಿಮರು, ಇವರ ಮಾತು ತೆರೆಯ ಮೇಲೆ ಬಂದದ್ದು ಬಹುಪಾಲು ನಗಿಸುವುದಕ್ಕೆ. ಹಾಗೆ ನಗಿಸಿಕೊಂಡ ಹುಡುಗ ಬೆಂಗಳೂರಿನ ಹಾಸ್ಟೆಲ್ಲಿಗೆ ಬಂದ ಮೊದಲ ವಾರವೇ ತನ್ನ ಮಾತನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ಬೀಗ ಜಡಿಯುತ್ತಾನೆ.

ಅನುವಾದಕಿ ದೀಪಾ ಭಾಸ್ತಿ ಇಂಗ್ಲಿಷಿನಲ್ಲೂ ಈ ನಿಯಮವನ್ನು ಬಿಡಲಿಲ್ಲ. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಹಲವೆಡೆ ಇದ್ದಂತೆಯೇ ಇಟ್ಟರು. ಓರೆ ಅಕ್ಷರಗಳಲ್ಲಿ ಅಚ್ಚು ಹಾಕಿಸಲಿಲ್ಲ, ಅಡಿಟಿಪ್ಪಣಿ ಕೊಡಲಿಲ್ಲ. ಲಂಡನ್ನಿನ ಓದುಗ ಬೇಕಾದರೆ ಊಹಿಸಿಕೊಳ್ಳಲಿ. ಇತ್ತ ಅದೇ ಹೊತ್ತಿಗೆ ‘ಐತೆ ಅನ್ನಬೇಡ, ಇದೆ ಅನ್ನು’ ಎಂದು ಮಗುವಿನ ಬಾಯಿಗೆ ಹೊಡೆಯುವ ಮನೆಗಳೂ ಇವೆ.

‘ಇದೆ’ ಎಂಬ ಆ ಪುಟ್ಟ ಪದವನ್ನೇ ನೋಡಿ. ಧಾರವಾಡದಲ್ಲಿ ‘ಐತಿ’, ಮಂಡ್ಯದಲ್ಲಿ ‘ಐತೆ’, ಮಂಗಳೂರಿನಲ್ಲಿ ‘ಉಂಟು’. ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ಈ ಮೂವರು ಸೇರಿದರೆ, ಕಥೆ ಬರೆಯುವ ನಾಲ್ಕನೆಯವನಿಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇಡ. ಒಬ್ಬ ‘ಏನಲೇ’ ಎನ್ನುತ್ತಾನೆ, ಒಬ್ಬ ‘ಏನ್ಲಾ’ ಎನ್ನುತ್ತಾನೆ, ಮತ್ತೊಬ್ಬ ‘ಎಂತ ಮಾರಾಯ’ ಎನ್ನುತ್ತಾನೆ. ಅದು ಕಲಿಯುವವನಿಗೆ ಮೊದಲ ದಿನವೇ ಸಿಗುವ ಸರಕು. ತಿಂಗಳೊಪ್ಪತ್ತು ಕಳೆದ ಮೇಲೆ ಕೇಳಬೇಕಾದದ್ದು ಬೇರೆ: ಊರಿನಿಂದ ಫೋನು ಬಂದಾಗ ಯಾರ ದನಿ ತಗ್ಗುತ್ತದೆ, ಸಾಲ ಕೇಳುವಾಗ ಯಾರು ಮೊದಲು ಮಳೆಯ ಮಾತು ಎತ್ತುತ್ತಾರೆ, ಸುಳ್ಳು ಹೇಳುವಾಗ ಯಾರ ಕನ್ನಡ ಇದ್ದಕ್ಕಿದ್ದಂತೆ ಶುದ್ಧವಾಗುತ್ತದೆ.

‘ಇದರಿಂದ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತದೆ?’ ಎಂದು ಪೋಷಕರು ಕೇಳುವುದು ಸಹಜ. ಒಂದೂ ಬರುವುದಿಲ್ಲ. ಆದರೆ ರಜೆಯಲ್ಲಿ ಊರಿಗೆ ಹೋದ ಮಗಳು ಅಜ್ಜಿಯ ಪಕ್ಕ ಕೂತಿದ್ದರೆ, ‘ಒಂದು ನೀತಿಕಥೆ ಹೇಳಿ’ ಎಂದು ಕೇಳುವ ಬದಲು, ಅವಳ ಕಾಲದಲ್ಲಿ ಸಂತೆಗೆ ಎಷ್ಟು ದುಡ್ಡು ಒಯ್ಯುತ್ತಿದ್ದಳು, ಅದನ್ನು ಸೆರಗಿನ ಯಾವ ತುದಿಗೆ ಕಟ್ಟುತ್ತಿದ್ದಳು, ಗಂಡನಿಗೆ ಎಷ್ಟೆಂದು ಲೆಕ್ಕ ಹೇಳುತ್ತಿದ್ದಳು ಎಂದು ಕೇಳಿ ನೋಡಲಿ. ಅಜ್ಜಿ ಮೊದಲು ‘ಅದ್ಯಾಕೆ ನಿಂಗೆ ಈಗ?’ ಎನ್ನುತ್ತಾಳೆ. ಆ ಮಾತಿನಿಂದಲೇ ಬರೆದುಕೊಳ್ಳಲು ಶುರುಮಾಡಬಹುದು.